ರಿಯಲ್ ಟೈಮ್ ಅಂದ್ರೆ ಬೇಗ ಅಂತಲ್ಲ ಸ್ವಾಮಿ

ಬೆಂಗಳೂರಿನ ಆಫೀಸು ಕ್ಯಾಂಟೀನುಗಳಲ್ಲಿ ಬೈಗುಳದ ಹಾಗೆ ಬಳಸುವ ಪದ ಒಂದಿದೆ: ಅಕಡೆಮಿಕ್. "ಐಡಿಯಾ ಚೆನ್ನಾಗಿದೆ, ಆದ್ರೆ ಸ್ವಲ್ಪ ಅಕಡೆಮಿಕ್ ಆಯ್ತು" ಅಂದ್ರೆ ಕಸದ ಬುಟ್ಟಿಗೆ ಹಾಕು ಅಂತ ಅರ್ಥ. ಪ್ರೊಫೆಸರ್ ಅಂದ್ರೆ ನಮ್ಮವರ ಲೆಕ್ಕದಲ್ಲಿ ಕೆಲಸ ಸಿಗದೆ ಪಾಠ ಮಾಡೋಕೆ ಹೋದವನು. ಪಿಎಚ್‌ಡಿ ಅಂದ್ರೆ ಮದುವೆ ಮುಂದಕ್ಕೆ ಹಾಕೋಕೆ ಒಂದು ನೆಪ. ಹೀಗೆ ಮಾತಾಡೋ ಇದೇ ಮಂದಿ ಮಧ್ಯಾಹ್ನ ಊಟ ಮುಗಿಸಿ ಸೀಟಿಗೆ ವಾಪಸ್ ಹೋಗಿ ಟ್ರಾನ್ಸಾಕ್ಷನ್, ಕಮಿಟ್, ಶೆಡ್ಯೂಲರ್, ಲಾಕ್, ಡೆಡ್‌ಲೈನ್ ಅಂತ ಟೈಪ್ ಮಾಡ್ತಾರೆ. ಈ ಒಂದೊಂದು ಪದದ ಹಿಂದೆಯೂ ಯಾರೋ ಹತ್ತಾರು ವರ್ಷ ತಲೆ ಕೆಡಿಸಿಕೊಂಡು ಬರೆದ ಪ್ರಬಂಧಗಳಿವೆ. ಅದು ಗೊತ್ತಿಲ್ಲದಿದ್ರೆ ತಪ್ಪಿಲ್ಲ. ಗೊತ್ತಿಲ್ಲದೇ ಆಡಿಕೊಳ್ಳೋದು ಇದೆಯಲ್ಲ, ಅದರ ಬಗ್ಗೆ ನನ್ನ ತಕರಾರು.

ನಾನೂ ಹನ್ನೊಂದು ವರ್ಷದಿಂದ ವೈಟ್‌ಫೀಲ್ಡ್ ಕಡೆ ಕೋಡ್ ಬರೆದೇ ಹೊಟ್ಟೆ ಹೊರೀತಿರೋನು. ಪ್ರೊಫೆಸರ್ ಅಲ್ಲ, ಆಗೋ ಯೋಚನೆಯೂ ಇಲ್ಲ. ಹಾಗಾಗಿ ಇದು ಸ್ವಂತ ಜಾತಿಯ ಪರ ವಕಾಲತ್ತು ಅಂತ ಯಾರೂ ಅಂದುಕೋಬೇಡಿ.

ನಮ್ಮ ಉದ್ಯಮ ಅಕಡೆಮಿಕ್ ಮಂದಿಯಿಂದ ಕದ್ದು, ಕೆಡಿಸಿ, ಜಾಹೀರಾತಿಗೆ ಅಂಟಿಸಿದ ಪದಗಳಲ್ಲಿ "ರಿಯಲ್ ಟೈಮ್" ಮೊದಲನೆಯದು. ಡ್ಯಾಶ್‌ಬೋರ್ಡ್ ರಿಯಲ್ ಟೈಮ್. ಟ್ರ್ಯಾಕಿಂಗ್ ರಿಯಲ್ ಟೈಮ್. ಮೊನ್ನೆ ಒಂದು ಸಲೂನ್ ಬೋರ್ಡಿನಲ್ಲೂ ನೋಡಿದೆ, ರಿಯಲ್ ಟೈಮ್ ಅಪಾಯಿಂಟ್‌ಮೆಂಟ್ ಅಂತೆ. ಎಲ್ಲರಿಗೂ ಅದರ ಅರ್ಥ ಒಂದೇ: ಬೇಗ. ಜಾನ್ ಸ್ಟಾಂಕೋವಿಕ್ ಅನ್ನೋ ಅಮೆರಿಕದ ಪ್ರೊಫೆಸರ್ 1988ರಲ್ಲೇ ಐಟ್ರಿಪಲ್‌ಇಯ 'ಕಂಪ್ಯೂಟರ್' ಪತ್ರಿಕೆಯಲ್ಲಿ ಈ ವಿಷಯದ ತಪ್ಪು ತಿಳಿವಳಿಕೆಗಳ ಬಗ್ಗೆಯೇ ಒಂದು ಲೇಖನ ಬರೆದರು. ರಿಯಲ್ ಟೈಮ್ ಅಂದ್ರೆ ವೇಗ ಅಲ್ಲ, ಹೊತ್ತಿಗೆ ಸರಿಯಾಗಿ ಮುಗಿಯುತ್ತೆ ಅನ್ನೋ ಖಾತರಿ ಅನ್ನೋದು ಅದರ ತಿರುಳು. ಸರಾಸರಿ ಎಷ್ಟು ಬೇಗ ಅನ್ನೋದು ಅಲ್ಲಿ ಮುಖ್ಯ ಅಲ್ಲ. ಅತಿ ಕೆಟ್ಟ ದಿನದಲ್ಲೂ ಹೊತ್ತು ಮೀರಲ್ಲ ಅಂತ ಮೊದಲೇ ಹೇಳೋಕೆ ಆಗುತ್ತಾ ಅನ್ನೋದು ಮುಖ್ಯ.

ಇದು ನಮ್ಮ ಕ್ಯಾಬಿನ್ನುಗಳಿಗಿಂತ ನಮ್ಮ ಹೋಬಳಿಗೆ ಚೆನ್ನಾಗಿ ಗೊತ್ತು. ನಾನು ಹುಟ್ಟಿದ್ದು ಕೋಲಾರ ತಾಲ್ಲೂಕು ಹುತ್ತೂರು ಹೋಬಳಿಯ ಒಂದು ಹಳ್ಳಿಯಲ್ಲಿ. ರಿಯಲ್ ಟೈಮ್ ಪುಸ್ತಕಗಳಲ್ಲಿ ಡೆಡ್‌ಲೈನನ್ನ ಮೂರು ಥರ ಮಾಡ್ತಾರೆ. ಮೂರೂ ನಮ್ಮ ಮನೆಯಂಗಳದಲ್ಲೇ ಇದ್ದವು. ಟೊಮೇಟೊ ಕೋಲಾರದ ಮಂಡಿಗೆ ಬೆಳಿಗ್ಗೆ ಹರಾಜಿನ ಹೊತ್ತಿಗೆ ತಲುಪದಿದ್ದರೆ ರೇಟು ಬೀಳುತ್ತೆ, ಪೂರ್ತಿ ಮುಳುಗಲ್ಲ; ಇದು ಸಾಫ್ಟ್. ಹಾಲು ಹಾಗಲ್ಲ. ಡೈರಿಯವರು ಶಟರ್ ಎಳೆದ ಮೇಲೆ ನೀವು ತಂದ ಆರು ಲೀಟರಿಗೆ ಆ ಹೊತ್ತಿನ ಲೆಕ್ಕದಲ್ಲಿ ಬೆಲೆ ಸೊನ್ನೆ. ಮನೇಲಿ ಮೊಸರು ಮಾಡ್ಕೊಳ್ಳಿ, ಪಾಸ್‌ಬುಕ್ಕಿಗೆ ಮಾತ್ರ ಏನೂ ಏರಲ್ಲ. ಇದನ್ನ ಫರ್ಮ್ ಡೆಡ್‌ಲೈನ್ ಅಂತಾರೆ. ಇನ್ನು ಹಸು ಕರು ಹಾಕುವಾಗ ಕರು ಅಡ್ಡ ತಿರುಗಿಕೊಂಡರೆ ಡಾಕ್ಟ್ರು ಆ ಹೊತ್ತಿಗೆ ಬರಲೇಬೇಕು, ಬರದಿದ್ದರೆ ಎರಡು ಜೀವ ಹೋಗುತ್ತೆ. ಅದು ಹಾರ್ಡ್. ಕಾರಿನ ಬ್ರೇಕು, ವಿಮಾನದ ರೆಕ್ಕೆಯ ನಿಯಂತ್ರಣ, ಹೃದಯದ ಪೇಸ್‌ಮೇಕರು ಎಲ್ಲ ಈ ಮೂರನೇ ಸಾಲಿಗೆ ಸೇರಿದವು. ನಮ್ಮ ಡ್ಯಾಶ್‌ಬೋರ್ಡು ಇದರಲ್ಲಿ ಯಾವ ಸಾಲಿಗೂ ಸೇರಲ್ಲ.

ಈಗ ಎರಡನೇ ಸಾಲಿನ, ಅಂದ್ರೆ ಹಾಲಿನ ಥರದ ಡೆಡ್‌ಲೈನ್ ಮೇಲೆ ಕೆಲಸ ಮಾಡಿದ ಒಬ್ಬ ಪ್ರೊಫೆಸರ್ ಬಗ್ಗೆ ಹೇಳ್ತೀನಿ. ನೀವು ಮಲ್ಲೇಶ್ವರಕ್ಕೆ ದೋಸೆ ತಿನ್ನೋಕೆ ಹೋಗುವಾಗ ಅವರ ಕ್ಯಾಂಪಸ್ಸಿನ ಗೋಡೆ ಪಕ್ಕದಲ್ಲೇ ಹೋಗಿರ್ತೀರಿ. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದ್ರೆ ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ಜಯಂತ್ ಹರಿತ್ಸ. ಐಐಟಿ ಮದ್ರಾಸಿನಲ್ಲಿ ಬಿ.ಟೆಕ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಪಿಎಚ್‌ಡಿ. 1993ರಲ್ಲಿ ಬೆಂಗಳೂರಿಗೆ ಬಂದು ಐಐಎಸ್ಸಿ ಸೇರಿದರು. ಇನ್ಫೋಸಿಸ್ ಷೇರು ಮಾರುಕಟ್ಟೆಗೆ ಬಂದದ್ದೂ ಅದೇ 1993ರಲ್ಲಿ. ಡೇಟಾಬೇಸ್ ಗೊತ್ತಿರುವವರಿಗೆ ದುಡ್ಡಿನ ಬಾಗಿಲು ತೆರೆಯುತ್ತಿದ್ದ ಕಾಲ. ಆ ಬಾಗಿಲ ಮುಂದೆ ನಿಂತು ಒಬ್ಬ ಮನುಷ್ಯ ಪಾಠದ ಕೋಣೆಗೆ ಹೋದ ಅನ್ನೋದಷ್ಟೇ ನನಗೆ ಸಾಕು ಗೌರವ ಹುಟ್ಟೋಕೆ. ಆದ್ರೆ ಅದಕ್ಕಿಂತ ಅವರು ಬರೆದದ್ದರ ಒಳಗೇನಿದೆ ಅನ್ನೋದು ಮುಖ್ಯ. ಯಾಕಂದ್ರೆ "ಅಕಡೆಮಿಕ್" ಅಂತ ಮೂಗು ಮುರಿಯೋರು ಯಾರೂ ಒಳಗೆ ಇಣುಕಿರಲ್ಲ.

ಪಿಎಚ್‌ಡಿ ಹುಡುಗನಾಗಿದ್ದಾಗ, 1990ರಲ್ಲಿ, ಮೈಕೆಲ್ ಕ್ಯಾರಿ ಮತ್ತು ಮಿರಾನ್ ಲಿವ್ನಿ ಅನ್ನೋ ಇಬ್ಬರು ಗುರುಗಳ ಜೊತೆ ಅವರು ಒಂದು ಪ್ರಬಂಧ ಬರೆದರು. ಪ್ರಶ್ನೆ ಇಷ್ಟೇ. ಡೇಟಾಬೇಸಿನಲ್ಲಿ ಒಂದೇ ದಾಖಲೆಗೆ ಹತ್ತು ಜನ ಕೈ ಹಾಕಿದಾಗ ಏನು ಮಾಡಬೇಕು? ಆಗಿನ ರೂಢಿಯ ಉತ್ತರ: ಮೊದಲು ಬಂದವನು ಬೀಗ ಹಾಕಿಕೊಳ್ಳಲಿ, ಉಳಿದವರು ಕಾಯಲಿ. ಇನ್ನೊಂದು ದಾರಿ: ಯಾರೂ ಬೀಗ ಹಾಕೋದು ಬೇಡ, ಎಲ್ಲರೂ ಕೆಲಸ ಮಾಡಲಿ, ಮುಗಿಸುವಾಗ ಜಗಳ ಇದೆಯಾ ನೋಡೋಣ. ಸಾಮಾನ್ಯ ಡೇಟಾಬೇಸುಗಳಲ್ಲಿ ಬೀಗದ ದಾರಿಯೇ ಮೇಲು ಅಂತ ಬಲ್ಲವರು ತೀರ್ಮಾನ ಮಾಡಿಬಿಟ್ಟಿದ್ದರು. ಇವರು ತೋರಿಸಿದ್ದು, ತಡವಾದ ಕೆಲಸಕ್ಕೆ ಬೆಲೆಯೇ ಇಲ್ಲ, ಹೊತ್ತು ಮೀರಿದ್ದನ್ನ ಎಸೆದುಬಿಡ್ತೀವಿ ಅನ್ನೋ ಲೋಕದಲ್ಲಿ, ಅಂದ್ರೆ ಹಾಲಿನ ಲೋಕದಲ್ಲಿ, ಬಹುಪಾಲು ಸಂದರ್ಭಗಳಲ್ಲಿ ಈ ತೀರ್ಮಾನ ತಲೆಕೆಳಗಾಗುತ್ತೆ ಅಂತ. ಕಾರಣ ನಮ್ಮ ಆಫೀಸಿನ ಮೀಟಿಂಗ್ ರೂಮಿನಷ್ಟೇ ಸರಳ. ಒಬ್ಬ ರೂಮ್ ಬುಕ್ ಮಾಡಿ ಕೂತಿರ್ತಾನೆ, ನೀವು ಹೊರಗೆ ಕಾಯ್ತೀರಿ. ಕೊನೆಗೆ ಅವನ ಮೀಟಿಂಗೇ ಕ್ಯಾನ್ಸಲ್ ಆಗುತ್ತೆ. ಅವನ ಕೆಲಸ ಆಗಲಿಲ್ಲ, ನಿಮ್ಮ ಹೊತ್ತೂ ಹೋಯ್ತು. ತಾನೇ ಸಾಯಲಿರುವವನಿಗಾಗಿ ಬದುಕಬಹುದಾದವನು ಕಾದು ಸತ್ತ.

ಮುಂದಿನ ವರ್ಷದ್ದು ಇನ್ನೂ ಚೆನ್ನಾಗಿದೆ. ಇದನ್ನ ನಮ್ಮ ಪ್ರತಿ ಮ್ಯಾನೇಜರ್ ಟೇಬಲ್ ಮೇಲೂ ಅಂಟಿಸಬೇಕು ಅನ್ನೋದು ನನ್ನ ಹಳೇ ಆಸೆ. ಯಾವುದರ ಡೆಡ್‌ಲೈನ್ ಹತ್ತಿರ ಇದೆಯೋ ಅದನ್ನ ಮೊದಲು ಮಾಡು. ಇದು ನಮಗೆಲ್ಲ ಸಹಜ ಬುದ್ಧಿ, ಶಾಸ್ತ್ರದಲ್ಲೂ ಇದಕ್ಕೆ ದೊಡ್ಡ ಹೆಸರಿದೆ. ಹೊರೆ ಹಿಡಿತದಲ್ಲಿರುವಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದ್ರೆ ಹೊರೆ ಮಿತಿ ಮೀರಿತು ಅನ್ನಿ, ಇದಕ್ಕಿಂತ ಕೆಟ್ಟದ್ದೂ ಕಮ್ಮಿ. ಡೆಡ್‌ಲೈನ್ ತೀರಾ ಹತ್ತಿರ ಇರೋ ಕೆಲಸ ಅಂದ್ರೆ ಹೆಚ್ಚುಕಮ್ಮಿ ಕೈ ತಪ್ಪಿ ಹೋದ ಕೆಲಸ. ನೀವು ಅದಕ್ಕೇ ಜೀವ ತೇಯ್ತೀರಿ, ಅದು ಹೇಗೂ ತಪ್ಪುತ್ತೆ. ಅಷ್ಟರಲ್ಲಿ ಆರಾಮಾಗಿ ಮುಗಿಸಬಹುದಾಗಿದ್ದ ಮುಂದಿನ ಕೆಲಸದ ಡೆಡ್‌ಲೈನೂ ಹತ್ತಿರ ಬಂದು ಅದೂ ತಪ್ಪೋ ಸಾಲಿಗೆ ಸೇರುತ್ತೆ. ಹೀಗೆ ಒಂದರ ಹಿಂದೆ ಒಂದು ಬಿದ್ದು ಎಲ್ಲವೂ ಹೋಗುತ್ತೆ. ಇದಕ್ಕೆ ಹರಿತ್ಸ ಮತ್ತು ಗುರುಗಳು 1991ರಲ್ಲಿ ಸೂಚಿಸಿದ ಮದ್ದು: ಬಂದ ಕೆಲಸಗಳನ್ನ ಎರಡು ಗುಂಪು ಮಾಡು. ಮುಗಿಸೋಕೆ ಆಗುವಷ್ಟನ್ನ ಮಾತ್ರ ಒಂದು ಗುಂಪಿಗೆ ತಗೋ, ಅದರೊಳಗೆ ಡೆಡ್‌ಲೈನ್ ಪ್ರಕಾರ ಸಾಗು. ಉಳಿದದ್ದಕ್ಕೆ ಬಿಡುವಿದ್ದರೆ ಕೈ ಹಾಕು. ಮೊದಲ ಗುಂಪಿನಲ್ಲೂ ತಪ್ಪೋಕೆ ಶುರುವಾದರೆ ಗುಂಪನ್ನ ಚಿಕ್ಕದು ಮಾಡು. ಅಂದ್ರೆ ವ್ಯವಸ್ಥೆ ತನ್ನ ಸೋಲನ್ನ ತಾನೇ ಅಳೆದು ತಾನೇ ತಿದ್ದಿಕೊಳ್ಳಬೇಕು.

ಸ್ಪ್ರಿಂಟ್ ಪ್ಲಾನಿಂಗಿನಲ್ಲಿ ಕೂತಾಗಲೆಲ್ಲ ನನಗೆ ಇದೇ ನೆನಪಾಗೋದು. ಎಲ್ಲಾ ಟಿಕೆಟ್ಟೂ ಪಿ-ಝೀರೋ. ಎಲ್ಲದಕ್ಕೂ ಶುಕ್ರವಾರವೇ ಡೆಡ್‌ಲೈನು. ಲಿಯು ಮತ್ತು ಲೇಲ್ಯಾಂಡ್ ಅನ್ನೋ ಇಬ್ಬರು 1973ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು: ಪದೇಪದೇ ಬರುವ ಕೆಲಸಗಳಿಗೆ ಬದಲಾಗದ ಆದ್ಯತೆ ಕೊಟ್ಟು ನಡೆಸುವ ಯಂತ್ರದಲ್ಲಿ, ಕೆಲಸಗಳ ಸಂಖ್ಯೆ ಎಷ್ಟೇ ಹೆಚ್ಚಿದರೂ ಯಾವುದೂ ತಪ್ಪಲ್ಲ ಅಂತ ಕಣ್ಣುಮುಚ್ಚಿ ಖಾತರಿ ಕೊಡಬೇಕಾದರೆ, ಸುಮಾರು ಶೇ. 69ರಷ್ಟು ಹೊರೆ ಮಾತ್ರ ಹಾಕಬೇಕು ಅಂತ. ಅದಕ್ಕಿಂತ ಮೇಲೆ ಹೋದರೆ ತಪ್ಪೇ ತಪ್ಪುತ್ತೆ ಅಂತಲ್ಲ, ಒಂದೊಂದನ್ನೂ ಕೂತು ಲೆಕ್ಕ ಹಾಕಬೇಕು ಅಂತ. ಸಿಲಿಕಾನಿಗೇ ಇಷ್ಟು ಮರ್ಯಾದೆ. ಮನುಷ್ಯರಿಗೆ ಶೇ. 120 ಹೊರೆ ಹಾಕಿ, ತಪ್ಪಿದಾಗ "ಓನರ್‌ಶಿಪ್ ಇಲ್ಲ" ಅಂತ ರಿವ್ಯೂ ಬರೆಯೋ ನಮ್ಮವರು ಯಾವ ಬಾಯಲ್ಲಿ ಪ್ರೊಫೆಸರುಗಳಿಗೆ ವಾಸ್ತವ ಗೊತ್ತಿಲ್ಲ ಅಂತಾರೋ!

ಬೆಂಗಳೂರಿಗೆ ಬಂದ ಮೇಲೆ ಹರಿತ್ಸ ಇದೇ ಪ್ರಶ್ನೆಯನ್ನ ಒಂದು ಯಂತ್ರದಿಂದ ಹಲವು ಯಂತ್ರಗಳಿಗೆ ಹಿಗ್ಗಿಸಿದರು. ಅದಕ್ಕೆ ಜೊತೆಯಾದವರು ವಿದ್ಯಾರ್ಥಿ ರಮೇಶ್ ಗುಪ್ತ ಮತ್ತು ರಿಯಲ್ ಟೈಮ್ ಕ್ಷೇತ್ರದಲ್ಲಿ ಆಗಲೇ ದೊಡ್ಡ ಹೆಸರಾಗಿದ್ದ ಕೃತಿ ರಾಮಮೃತಂ. 1996ರಲ್ಲಿ ಒಂದು ಸಮ್ಮೇಳನದಲ್ಲಿ, ಆಮೇಲೆ 2000ದಲ್ಲಿ ಜರ್ನಲಿನಲ್ಲಿ ವಿವರವಾಗಿ ಬಂತು. ಹೆಸರು ಪ್ರಾಂಪ್ಟ್. ಈಗಿನ ಎಐ ಪ್ರಾಂಪ್ಟ್ ಅಲ್ಲ ಸ್ವಾಮಿ, ಹೊತ್ತಿಗೆ ಸರಿಯಾಗಿ ಅನ್ನೋ ಹಳೇ ಅರ್ಥದ ಪ್ರಾಂಪ್ಟ್.

ಇದು ಅರ್ಥ ಆಗಬೇಕಾದರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬನ್ನಿ. ಅಣ್ಣತಮ್ಮಂದಿರು ನಾಲ್ಕು ಜನ ಸೇರಿ ಜಮೀನು ಮಾರ್ತಿದ್ದಾರೆ. ನಾಲ್ಕೂ ಜನ ಸೈ ಅಂದರೆ ಮಾತ್ರ ವ್ಯವಹಾರ, ಒಬ್ಬ ಅಡ್ಡ ಬಿದ್ದರೂ ಇಲ್ಲ. ಹಾಗಾಗಿ ಮೊದಲ ಸುತ್ತಿನಲ್ಲಿ ಎಲ್ಲರನ್ನೂ "ರೆಡಿನಾ?" ಅಂತ ಕೇಳ್ತಾರೆ. ಎರಡನೇ ಸುತ್ತಿನಲ್ಲಿ "ಹಾಗಾದ್ರೆ ಹಾಕಿ ಸೈನು." ಹಂಚಿಹೋದ ಡೇಟಾಬೇಸುಗಳು ಒಂದು ವ್ಯವಹಾರ ಮುಗಿಸೋದು ಹೀಗೇ. ಯಾತನೆ ಇರೋದು ಈ ಎರಡು ಸುತ್ತುಗಳ ನಡುವೆ. ರೆಡಿ ಅಂದವನು ಈಗ ಹಿಂದಕ್ಕೂ ಹೋಗಂಗಿಲ್ಲ, ಮುಂದಕ್ಕೂ ಹೋಗಂಗಿಲ್ಲ. ಅವನ ಜಮೀನು ಅವನದೂ ಅಲ್ಲ, ಕೊಂಡವನದೂ ಅಲ್ಲ. ದುಡ್ಡು ನಿಮ್ಮ ಖಾತೆಯಿಂದ ಹೋಗಿ ಅಂಗಡಿಯವನಿಗೆ ಬರದೆ "ಪೆಂಡಿಂಗ್" ಅಂತ ತೋರಿಸೋ ಆ ಅರ್ಧ ನಿಮಿಷ ಗೊತ್ತಲ್ಲ, ಇದೂ ಅದೇ ಕುಲದ ಸಂಕಟ. ಅಷ್ಟು ಹೊತ್ತೂ ಆ ದಾಖಲೆ ಬೇಕಾದ ಬೇರೆಯವರೆಲ್ಲ ಹೊರಗೆ ಕಾಯ್ತಿರ್ತಾರೆ, ಅವರ ಡೆಡ್‌ಲೈನು ಓಡ್ತಿರುತ್ತೆ.

ಪ್ರಾಂಪ್ಟ್ ಹೇಳಿದ್ದು: ಕಾಯಿಸಬೇಡಿ, ಕೈಸಾಲ ಕೊಡಿ. ರೆಡಿ ಅಂದವನು ಬಹುಪಾಲು ಮುಗಿಸೇ ಮುಗಿಸ್ತಾನೆ, ಆ ನಂಬಿಕೆ ಮೇಲೆ ಅವನ ಇನ್ನೂ ಖಾಯಂ ಆಗದ ದಾಖಲೆಯನ್ನ ಇನ್ನೊಬ್ಬ ಬಳಸಿಕೊಳ್ಳಲಿ. ಡೈರಿ ಬಟವಾಡೆ ಬರೋಕೆ ಇನ್ನೂ ಒಂದು ವಾರ ಇರುವಾಗ ಅಂಗಡಿಯವರು ಬೂಸಾ ಸಾಲ ಕೊಡೋದಿಲ್ಲವಾ, ಹಾಗೆ. ಇಷ್ಟೇ ಆಗಿದ್ದರೆ ಇದನ್ನ ಯಾವ ಬುದ್ಧಿವಂತನೂ ಹೇಳ್ತಿದ್ದ. ಹರಿತ್ಸ ಅವರ ಗುಂಪಿನ ಕೆಲಸದ ಸೊಗಸು ಇರೋದು ಸಾಲದ ಶರತ್ತುಗಳಲ್ಲಿ. ಒಂದು, ಸಾಲ ತಗೊಂಡವನು ಆ ಸಾಲದ ಮೇಲೆ ಇನ್ನೊಬ್ಬನಿಗೆ ಸಾಲ ಕೊಡೋ ಹಾಗಿಲ್ಲ. ಹಾಗಾಗಿ ಮೂಲದವನು ಮುಳುಗಿದರೂ ಜೊತೆಗೆ ಮುಳುಗೋದು ಒಂದೇ ಸುತ್ತು, ಊರೆಲ್ಲ ಅಲ್ಲ. ಇನ್ನೊಂದು, ಸಾಲ ಕೊಡುವವನ ಆರೋಗ್ಯ ನೋಡು. ಅವನಿಗೆ ಉಳಿದಿರೋ ಹೊತ್ತೆಷ್ಟು, ಮುಗಿಸೋಕೆ ಕನಿಷ್ಠ ಬೇಕಾದ ಹೊತ್ತೆಷ್ಟು ಅಂತ ಭಾಗಿಸು. ತನ್ನ ಡೆಡ್‌ಲೈನೇ ಅಂಚಿನಲ್ಲಿರುವವನಿಂದ ಸಾಲ ತಗೋಬೇಡ. ಇದಕ್ಕೆ ಅವರಿಟ್ಟ ಹೆಸರೇ ಹೆಲ್ದಿ ಲೆಂಡಿಂಗ್. ನಮ್ಮೂರಲ್ಲಿ ಚೀಟಿ ಹಾಕೋ ಹೆಂಗಸರಿಗೆ ಈ ಎರಡೂ ನಿಯಮ ಒಪ್ಪಿಗೆ ಆಗ್ತಿದ್ದವು. ಅನೇಕ ಬ್ಯಾಂಕಿನವರಿಗೆ ಆಗಿಲ್ಲ, ಆ ಮಾತು ಬಿಡಿ.

ಇಲ್ಲಿ ಕ್ಯಾಂಟೀನಿನ ವಕೀಲರು ಎದ್ದು ನಿಲ್ತಾರೆ: "ಸರಿ, ಇದನ್ನ ಯಾವ ಪ್ರಾಡಕ್ಟಿನಲ್ಲಿ ಹಾಕಿದಾರೆ? ಎಷ್ಟು ಯೂಸರ್ಸ್?" ಈ ಪ್ರಶ್ನೆಯೇ ನಮ್ಮ ರೋಗ. ಪಾಥ್‌ಫೈಂಡರ್ ನೌಕೆ 1997ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಮೇಲೆ ಅದರ ಕಂಪ್ಯೂಟರ್ ಪದೇಪದೇ ರೀಸೆಟ್ ಆಗೋಕೆ ಶುರುವಾಯ್ತು. ಮುಖ್ಯ ಕೆಲಸವೊಂದು ಕ್ಷುಲ್ಲಕ ಕೆಲಸದ ಕೈಯಲ್ಲಿದ್ದ ಬೀಗಕ್ಕಾಗಿ ಕಾಯ್ತಿತ್ತು, ಮಧ್ಯದ ದರ್ಜೆಯ ಕೆಲಸವೊಂದು ಆ ಕ್ಷುಲ್ಲಕವನ್ನ ಮುಗಿಸೋಕೆ ಬಿಡ್ತಿರಲಿಲ್ಲ. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಕಾಯುವವನ ದರ್ಜೆ ಕೊಡು ಅನ್ನೋ ಪರಿಹಾರವನ್ನ ಭೂಮಿಯಿಂದಲೇ ಕಳಿಸಿ ಸರಿ ಮಾಡಿದರು. ಆ ಪರಿಹಾರವನ್ನ ಶಾ, ರಾಜಕುಮಾರ್, ಲೆಹೋಸ್ಕಿ ಅನ್ನೋ ಮೂವರು 1990ರಲ್ಲೇ ಪ್ರಬಂಧವಾಗಿ ಕೂಲಂಕಷವಾಗಿ ಬರೆದಿಟ್ಟಿದ್ದರು. ಬರೆಯುವ ದಿನ ಅವರಿಗೆ ಮಂಗಳದ ಮೇಲೆ ಎಷ್ಟು ಯೂಸರ್ಸ್ ಅಂತ ಯಾರೂ ಕೇಳಿರಲಿಕ್ಕಿಲ್ಲ.

ಲ್ಯಾಂಪೋರ್ಟ್ ಪ್ರೊಫೆಸರ್ ಅಲ್ಲವಲ್ಲ, ಕಂಪನಿಗಳಲ್ಲೂ ಸಂಶೋಧನಾ ಸಂಸ್ಥೆಗಳಲ್ಲೂ ಕೂತೇ ಹಂಚಿದ ವ್ಯವಸ್ಥೆಗಳ ಶಾಸ್ತ್ರ ಕಟ್ಟಿದನಲ್ಲ ಅಂತ ಒಬ್ಬ ಗೆಳೆಯ ವಾದ ಮಾಡ್ತಾನೆ. ನಿಜ. ನಿಮ್ಮ ಕಂಪನಿಯಲ್ಲಿ ಗಡಿಯಾರಗಳ ಬಗ್ಗೆ ವರ್ಷಗಟ್ಟಲೆ ಯೋಚನೆ ಮಾಡೋಕೆ ಸಂಬಳ ಕೊಡ್ತಾರಾ ಕೇಳಿ ನೋಡಿ, ಆಮೇಲೆ ಮಾತಾಡೋಣ.

ಒಂದು ಸಣ್ಣ ಪಕ್ಕದಾರಿ, ಕೋಲಾರದವನ ಹೆಮ್ಮೆಗೆ. ಹಂಚಿಹೋದ, ಕ್ಷಣಕ್ಷಣಕ್ಕೂ ಲೆಕ್ಕ ತಪ್ಪದೆ ನಡೆಯಬೇಕಾದ ವ್ಯವಸ್ಥೆ ನಮ್ಮ ಜಿಲ್ಲೆಗೆ ಬಂದದ್ದು ಕಂಪ್ಯೂಟರಿಗಿಂತ ಎಷ್ಟೋ ಮುಂಚೆ. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ದಾಟಿ 1902ರಲ್ಲಿ ಕೆಜಿಎಫ್ ಗಣಿ ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಆದ ಮೇಲೆ, 1905ರಲ್ಲಿ. ವಿದ್ಯುತ್ತಿನಲ್ಲಿ ಆ ಕ್ಷಣಕ್ಕೆ ಹುಟ್ಟಿದಷ್ಟು ಆ ಕ್ಷಣವೇ ಖರ್ಚಾಗಬೇಕು. ಅಲ್ಲಿ ನೀರಿನ ಗೇಟಿನ ಬಳಿ ನಿಂತವನಿಗೂ ಇಲ್ಲಿ ಗಣಿಯ ಮೋಟಾರಿಗೂ ನಡುವೆ ಹೊಂದಾಣಿಕೆ ತಪ್ಪಿದರೆ ನೆಲದಡಿಯ ಪಂಪು, ಗಾಳಿ, ಲಿಫ್ಟು ಎಲ್ಲಕ್ಕೂ ಕುತ್ತು. ಇದನ್ನ ಕಟ್ಟಿಸಿದವರು ಚಿನ್ನದ ಆಸೆಯವರು, ನಿಜ. ಆದ್ರೆ ಅದರ ಲೆಕ್ಕ ಬಂದದ್ದು ಪಾಠದ ಕೋಣೆಗಳಿಂದ.

ಈಗ ಸಿಟ್ಟಿನ ವಿಷಯಕ್ಕೆ ಬರ್ತೀನಿ. ರಿಯಲ್ ಟೈಮ್ ಶಾಸ್ತ್ರದ ಇಡೀ ನೀತಿ ಏನು? ಡೆಡ್‌ಲೈನ್ ಮಾತು ಕೊಡೋ ಮುಂಚೆ ಅದನ್ನ ಉಳಿಸಿಕೊಳ್ಳೋ ಶಕ್ತಿ ಇದೆಯಾ ಲೆಕ್ಕ ಹಾಕು. ಇಲ್ಲದಿದ್ದರೆ ಕೆಲಸವನ್ನ ಬಾಗಿಲಲ್ಲೇ ವಾಪಸ್ ಕಳಿಸು. ಜವಾಬ್ದಾರಿ ವ್ಯವಸ್ಥೆ ಕಟ್ಟಿದವನದು. ನಮ್ಮ ಉದ್ಯಮ ಪದ ತಗೊಂಡಿತು, ನೀತಿ ಬಿಟ್ಟಿತು. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಅಂತ ಮಾತು ಕೊಟ್ಟದ್ದು ಆ್ಯಪು, ಉಳಿಸಿಕೊಳ್ಳಬೇಕಾದ್ದು ಸ್ಕೂಟರ್ ಮೇಲಿರೋ ಹುಡುಗ. ಮಳೆ ಬಂದರೆ, ಸಿಗ್ನಲ್ ಕೆಟ್ಟರೆ, ಮಾರತಹಳ್ಳಿ ಸೇತುವೆ ಕೆಳಗೆ ನೀರು ನಿಂತರೆ, ಆ ಎಲ್ಲ ಅನಿಶ್ಚಯ ಅವನ ತಲೆ ಮೇಲೆ. ನಮ್ಮ ಹೋಬಳಿಯಿಂದ ಬಂದ ಎಷ್ಟು ಹುಡುಗರು ಇವತ್ತು ಆ ಬ್ಯಾಗ್ ಹೊತ್ತಿದ್ದಾರೆ! ಸರ್ವರಿನಲ್ಲಿ ಒಂದು ರಿಕ್ವೆಸ್ಟ್ ತಡವಾದರೆ ನಾವು ಗ್ರಾಫ್ ಹಾಕಿ, ಸಭೆ ಸೇರಿ, ಯಾರನ್ನೂ ದೂರದೆ ವರದಿ ಬರೀತೀವಿ. ಹುಡುಗ ತಡವಾದರೆ ಒಂದು ಸ್ಟಾರ್. ಇದನ್ನ ಕಟ್ಟಿದವರು ಪ್ರೊಫೆಸರುಗಳಲ್ಲ. ಕಟ್ಟಿದ್ದು ನಾವೇ, ವಾಸ್ತವ ಗೊತ್ತಿರೋ ನಾವು.

ಅಕಡೆಮಿಕ್ ಅಂತ ಹೀಗಳೆಯೋರ ಒಂದು ವಾದಕ್ಕೆ ಮಾತ್ರ ತೂಕ ಇದೆ, ಅದನ್ನ ತಳ್ಳಿಹಾಕಲ್ಲ. ನೀನು ಹೇಳೋದು ಐಐಎಸ್ಸಿ ಕತೆ, ನಾವು ಓದಿದ ಕಾಲೇಜು ನೋಡು ಅಂತಾರೆ. ನೋಡಿದ್ದೀನಿ. ನನ್ನ ಕಾಲೇಜಿನಲ್ಲಿ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಪಾಠ ಮಾಡಿದ ಮೇಷ್ಟ್ರು ಹಿಂದಿನ ರಾತ್ರಿ ಗೈಡು ಓದಿಕೊಂಡು ಬರ್ತಿದ್ದರು. ಅವರಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಬೆಳಿಗ್ಗೆ ಮೂರು ಕ್ಲಾಸು, ಮಧ್ಯಾಹ್ನ ಲ್ಯಾಬು, ಸಂಜೆ ಮಾನ್ಯತೆ ಕೊಡೋ ಸಮಿತಿಗೆ ತೋರಿಸೋ ಫೈಲುಗಳು, ಮೇ ತಿಂಗಳಲ್ಲಿ ಅಡ್ಮಿಷನ್‌ಗೆ ಹುಡುಗರನ್ನ ಹಿಡಿದು ತರೋ ಟಾರ್ಗೆಟ್ಟು. ಇದರ ಮಧ್ಯೆ ಬಡ್ತಿ ಬೇಕಾದರೆ ವರ್ಷಕ್ಕಿಷ್ಟು ಅಂತ ಪೇಪರ್ ಬರೀಬೇಕು. ಬರೆಯೋಕೆ ಹೊತ್ತಿಲ್ಲದವನು ದುಡ್ಡು ಕೊಟ್ಟರೆ ಅಚ್ಚು ಹಾಕೋ ಜರ್ನಲಿಗೆ ಹೋಗ್ತಾನೆ. ಶೇ. 69ರ ಲೆಕ್ಕ ಪಾಠ ಮಾಡಬೇಕಾದವನ ಮೇಲೆ ಶೇ. 150 ಹೊರೆ ಹೇರಿದ್ದೀವಿ. ಆಮೇಲೆ ಅವನಿಗೆ ವಿಷಯ ಗೊತ್ತಿಲ್ಲ ಅಂತ ಮೀಮ್ ಮಾಡ್ತೀವಿ. ಇದು ವಿದ್ಯೆಯ ಸೋಲಲ್ಲ, ಶೆಡ್ಯೂಲಿಂಗ್ ಸೋಲು. ಹರಿತ್ಸ ಅವರ ಕೆಲಸ ಹುಟ್ಟೋಕೆ ಪ್ರತಿಭೆ ಬೇಕಿತ್ತು, ಒಪ್ಪಿದೆ. 1990ರ ಪ್ರಶ್ನೆಯನ್ನ 2000ದವರೆಗೂ ಕೈಬಿಡದೆ ಹಿಡಿದುಕೊಳ್ಳೋಕೆ ಬಿಡುವೂ ಬೇಕಿತ್ತು. ಆಮೇಲೆ ಅವರು ಬೇರೆ ಪ್ರಶ್ನೆಗಳಿಗೆ ಹೋದರು. ಡೇಟಾಬೇಸು ತನ್ನ ಕೆಲಸದ ದಾರಿಯನ್ನ ಹೇಗೆ ಆರಿಸಿಕೊಳ್ಳುತ್ತೆ ಅನ್ನೋದರ ಮೇಲೆ ವರ್ಷಗಟ್ಟಲೆ ಕೂತರು. 2009ರಲ್ಲಿ ಭಟ್ನಾಗರ್ ಪ್ರಶಸ್ತಿ, 2014ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂದವು. ನಡುವೆ, 2004ರಲ್ಲಿ, ವಿದ್ಯಾರ್ಥಿ ಕುಮಾರನ್ ಜೊತೆ ಒಂದೇ ಹೆಸರನ್ನ ಬೇರೆ ಬೇರೆ ಲಿಪಿಗಳಲ್ಲಿ ಬರೆದಿದ್ದರೂ ಉಚ್ಚಾರಣೆ ನೋಡಿ ಗುರುತಿಸೋ ವಿಧಾನವನ್ನೂ ಬರೆದರು. ಆಧಾರಿನಲ್ಲಿ ಒಂದು ಸ್ಪೆಲಿಂಗು, ಪಹಣಿಯಲ್ಲಿ ಇನ್ನೊಂದು ಹೆಸರು ಅಂತ ನಾಡಕಚೇರಿ ಮೆಟ್ಟಿಲು ಸವೆಸಿದ ನಮ್ಮಂಥ ಗಡಿ ಜಿಲ್ಲೆಯವರಿಗೆ, ತೆಲುಗು ಮನೆಮಾತಿನ ಹೆಸರುಗಳಿಗೆ, ಇದು ಎಷ್ಟು ಹತ್ತಿರದ ಪ್ರಶ್ನೆ ಅಂತ ಹೇಳಬೇಕಾಗಿಲ್ಲ. ಇದೂ "ಅಕಡೆಮಿಕ್"ಏ.

ಇಷ್ಟೆಲ್ಲ ಬರೆಯೋಕೆ ಕಾರಣ ನನ್ನ ಚಿಕ್ಕಪ್ಪನ ಮಗಳು. ಹಳ್ಳಿಯ ಸರ್ಕಾರಿ ಶಾಲೆ, ಕೋಲಾರದಲ್ಲಿ ಪಿಯುಸಿ, ಆಮೇಲೆ ಇಂಜಿನಿಯರಿಂಗ್. ಈ ವರ್ಷ ಗೇಟ್ ಬರೆದು ಒಳ್ಳೆಯ ರ‍್ಯಾಂಕ್ ತಗೊಂಡಿದ್ದಾಳೆ. ಆಪರೇಟಿಂಗ್ ಸಿಸ್ಟಮ್ಸ್ ಅಂದ್ರೆ ಪ್ರಾಣ. "ಅಣ್ಣಾ, ಎರಡು ಕಂಪ್ಯೂಟರಿನ ಗಡಿಯಾರ ಒಂದೇ ಟೈಮ್ ತೋರಿಸ್ತಿದೆ ಅಂತ ಹೆಂಗೆ ನಂಬೋದು?" ಅಂತ ಯುಗಾದಿ ಒಬ್ಬಟ್ಟು ತಟ್ಟುತ್ತಾ ಕೇಳಿದವಳು. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ ಸಿಗೋದು 12,400 ರೂಪಾಯಿ. ನೇರ ಪಿಎಚ್‌ಡಿಗೆ ಹೋದರೆ ಮೊದಲೆರಡು ವರ್ಷ 37,000, ಆಮೇಲೆ 42,000. ಇದು 2023ರಿಂದ ಏರಿಸಿದ ದರ. 37,000 ಕಮ್ಮಿಯೇನಲ್ಲ ಅಂತ ನೀವನ್ನಬಹುದು. ಬೋರ್‌ವೆಲ್ ಸಾಲ ಇಲ್ಲದ ಮನೆಗೆ ಕಮ್ಮಿಯಲ್ಲ. ಐದಾರು ವರ್ಷ ಅದರಲ್ಲೇ ಇರಬೇಕು, ಅದೂ ತಿಂಗಳು ತಿಂಗಳು ಹೊತ್ತಿಗೆ ಬಂದರೆ. ಫೆಲೋಶಿಪ್ ತಿಂಗಳುಗಟ್ಟಲೆ ತಡ ಅಂತ ಸಂಶೋಧನಾ ವಿದ್ಯಾರ್ಥಿಗಳು ಗೋಳಾಡಿದ್ದನ್ನ ಪೇಪರಿನಲ್ಲಿ ಎಷ್ಟು ಸಲ ಓದಿದ್ದೀವಿ. ಡೆಡ್‌ಲೈನ್ ಶಾಸ್ತ್ರ ಕಲಿಯೋಕೆ ಬಂದವರಿಗೆ ಕೊಡೋ ದುಡ್ಡಿಗೇ ಡೆಡ್‌ಲೈನ್ ಇಲ್ಲ!

ಅವಳ ಕೈಯಲ್ಲಿ ಒಂದು ಕಂಪನಿಯ ಆಫರ್ ಕೂಡ ಇದೆ, ಟೆಸ್ಟಿಂಗ್ ಕೆಲಸ. ಮನೆಯಲ್ಲಿ ಎಲ್ಲರೂ ಅದಕ್ಕೇ ಸೈ ಅಂತಿದ್ದಾರೆ. ಅವರನ್ನ ಬೈಯೋಕೆ ನನಗೆ ಬಾಯಿಲ್ಲ, ಬಡ್ಡಿ ಕಟ್ಟೋರು ಅವರು. ನನ್ನ ಕೋಪ ಬೇರೆಯವರ ಮೇಲೆ. ಅವಳು ಸಲಹೆ ಕೇಳಿದ ನಾಲ್ಕು ಜನ, ನಾಲ್ಕೂ ಜನ ನಮ್ಮ ನಿಮ್ಮಂಥ ಬೆಂಗಳೂರಿನ ಇಂಜಿನಿಯರುಗಳು, ಇಪ್ಪತ್ತು ಮೂವತ್ತು ಲಕ್ಷದ ಪ್ಯಾಕೇಜಿನವರು, ಒಂದೇ ಮಾತು ಹೇಳಿ ಕಳಿಸಿದ್ದಾರೆ: "ಪಿಎಚ್‌ಡಿ ಎಲ್ಲಾ ಯಾಕಮ್ಮ, ಸುಮ್ನೆ ಟೈಮ್ ವೇಸ್ಟು." ಆ ನಾಲ್ವರಲ್ಲಿ ಒಬ್ಬ ಡೇಟಾಬೇಸ್ ಕಂಪನಿಯಲ್ಲೇ ಇರೋನು.

ಚಿಕ್ಕಪ್ಪ ಫೋನ್ ಮಾಡಿದ್ದರು. ಇಂಗ್ಲಿಷ್ ಬರಲ್ಲ, ಗೇಟ್ ಅಂದ್ರೆ ಏನು ಅಂತಲೂ ಸರಿಯಾಗಿ ಗೊತ್ತಿಲ್ಲ. ಇಪ್ಪತ್ತೈದು ವರ್ಷದಿಂದ ದಿನಕ್ಕೆ ಎರಡು ಸಲ ಶಟರ್ ಎಳೆಯೋ ಮುಂಚೆ ಹಾಲು ತಲುಪಿಸಿರೋ ಮನುಷ್ಯ. "ಅದು ಓದಿದ್ರೆ ಏನಾಗ್ತದಪ್ಪ ಕೊನೆಗೆ?" ಅಂತ ಕೇಳಿದರು. ಪ್ರೊಫೆಸರ್ ಆಗಬೋದು ಅಂದೆ. "ಟಾಟಾ ಇನ್‌ಸ್ಟಿಟ್ಯೂಟ್‌ನಾಗ?" ಅಲ್ಲೂ ಆಗಬೋದು, ಕೋಲಾರದಲ್ಲೂ ಆಗಬೋದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಂಪನಿಯವರು ಸೋಮವಾರದ ಒಳಗೆ ಹೇಳಬೇಕು ಅಂದವ್ರೆ, ಓದೋ ಕಡೆಯವರು ಯಾವತ್ತಿಗೆ ಹೇಳ್ತಾರೆ ಅಂತ ಕೇಳಿದರು. ಇಂಟರ್‌ವ್ಯೂ ಮುಂದಿನ ತಿಂಗಳು, ರಿಸಲ್ಟು ಅದಾದ ಮೇಲೆ. ಸೋಮವಾರಕ್ಕೆ ಇನ್ನು ನಾಲ್ಕು ದಿನ ಇದೆ.